ಒಂದು ಇಂಟ್ ಅಂದರೆ ಎಷ್ಟು?

ನಮ್ಮ ಅಜ್ಜಂದಿರ ಕಾಲದಲ್ಲಿ ಯಾರಾದರೂ "ಒಂದು ಮಣ ಬೆಲ್ಲ ಬೇಕು" ಅಂದರೆ, "ಯಾವ ಕಡೆಯ ಮಣ?" ಅಂತ ತಿರುಗಿ ಕೇಳಬೇಕಾಗುತ್ತಿತ್ತು. ಮದ್ರಾಸಿನ ಮಣ 25 ಪೌಂಡು. ಮುಂಬಯಿಯ ಮಣ 28 ಪೌಂಡು. ಬಂಗಾಳದ್ದು 82 ಪೌಂಡಿಗೂ ಮೇಲೆ! ಧಾರವಾಡ, ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಮಂಗಳೂರು, ಬಳ್ಳಾರಿ ಮದ್ರಾಸಿನಲ್ಲಿ. ಅಂದಮೇಲೆ ಕನ್ನಡದವರ ನಡುವೆಯೇ ಮಣ ಅನ್ನೋ ಮಾತಿಗೆ ಒಂದೇ ತೂಕ ಇರಲಿಲ್ಲ. ಊರೊಳಗಿನ ಸಂತೆಗೆ ಇದರಿಂದ ಏನೂ ತೊಂದರೆಯಿಲ್ಲ, ಎಲ್ಲರಿಗೂ ತಮ್ಮೂರ ಮಣ ಗೊತ್ತು. ಮಾಲು ಗಡಿ ದಾಟಿದಾಗ ಮಾತ್ರ ತಕರಾರು. ಕೊನೆಗೆ 1956ರಲ್ಲಿ ಕಾಯಿದೆ ಬಂತು, 1958ರಿಂದ ಕಿಲೋಗ್ರಾಂ ಬಳಕೆಗೆ ಬರತೊಡಗಿತು.

ನಾನು ಇವತ್ತು ಬರೆಯಹೊರಟಿರುವುದು ಬೆಲ್ಲದ ವಿಷಯವಲ್ಲ. ಸಿ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ 'ಇಂಟ್' ಅಂತ ಒಂದು ಪದ ಇದೆ, ಪೂರ್ಣಾಂಕ ಇಡುವ ಡಬ್ಬಿ. ಆ ಡಬ್ಬಿ ಎಷ್ಟು ದೊಡ್ಡದು ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರ ಸಿಗೋಕೆ ಸುಮಾರು ಕಾಲು ಶತಮಾನ ಹಿಡಿಯಿತು. ಇಲ್ಲಿ ಪುಣೆಯಲ್ಲಿ, ಮತ್ತೆ ಹೈದರಾಬಾದ್, ಚೆನ್ನೈಗಳಲ್ಲಿ ಕೂತು ಕೋಡ್ ಬರೆಯುವ ನಮ್ಮವರು ದಿನವೂ ಹೆಡರ್ ಫೈಲ್‌ಗಳನ್ನು ಸೇರಿಸಿಕೊಳ್ಳುತ್ತೇವೆ. ಅದರೊಳಗೆ ಏನಿದೆ, ಯಾಕಿದೆ ಅಂತ ಇಣುಕಿ ನೋಡುವವರು ಕಮ್ಮಿ. ಇಣುಕಿದರೆ ಅಲ್ಲಿ ಒಂದು ಒಳ್ಳೆಯ ಇತಿಹಾಸ ಇದೆ.

ಕಂಪ್ಯೂಟರ್ ಕೆಲಸದವರಲ್ಲದ ಓದುಗರಿಗೆ ಒಂದೇ ಮಾತು: ಬಿಟ್ ಅಂದರೆ 0 ಅಥವಾ 1 ಬರೆಯುವ ಒಂದು ಮನೆ. ಅಂಥ 16 ಮನೆ ಇದ್ದರೆ 65,536 ಬೇರೆ ಬೇರೆ ಸಂಖ್ಯೆಗಳು ಹಿಡಿಯುತ್ತವೆ. 32 ಇದ್ದರೆ ಸುಮಾರು 429 ಕೋಟಿ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ಸಿ ಭಾಷೆಗಿಂತ ಮುಂಚೆ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್ ಮಾಡಿದ 'ಬಿ' ಅನ್ನೋ ಭಾಷೆ ಇತ್ತು. ಅದು ಓಡುತ್ತಿದ್ದ ಪಿಡಿಪಿ-7 ಯಂತ್ರದಲ್ಲಿ ಒಂದು ಪದ, ಅಂದರೆ ಯಂತ್ರ ಒಂದು ಸಲಕ್ಕೆ ಹಿಡಿಯುವ ತುತ್ತು, 18 ಬಿಟ್. ಬಿ ಭಾಷೆಯಲ್ಲಿ ಟೈಪ್ ಅನ್ನೋದೇ ಇರಲಿಲ್ಲ; ಅಕ್ಷರವೋ, ಸಂಖ್ಯೆಯೋ, ವಿಳಾಸವೋ, ಎಲ್ಲ ಒಂದೇ ತುತ್ತು. 1970ರಲ್ಲಿ ಅವರಿಗೆ ಪಿಡಿಪಿ-11 ಸಿಕ್ಕಿತು. ಅದರ ತುತ್ತು 16 ಬಿಟ್, ಅದರ ಮೇಲೆ ಪ್ರತಿ 8 ಬಿಟ್‌ಗೂ ಬೇರೆ ವಿಳಾಸ. ಅಕ್ಷರಕ್ಕೊಂದು ಅಳತೆ, ಸಂಖ್ಯೆಗೊಂದು ಅಳತೆ ಬೇಕಾಯಿತು. ಡೆನಿಸ್ ರಿಚಿ ಬಿ ಭಾಷೆಗೆ ಟೈಪ್‌ಗಳನ್ನು ಸೇರಿಸುತ್ತಾ ಹೋದರು. 1971ರಿಂದ 1973ರ ಒಳಗೆ ಅದು ಸಿ ಆಯಿತು. 1973ರಲ್ಲಿ ಯುನಿಕ್ಸ್‌ನ ಕರ್ನೆಲ್ಲನ್ನೇ ಸಿ ಭಾಷೆಯಲ್ಲಿ ತಿರುಗಿ ಬರೆದರು.

ಆಗ ಇಂಟ್ ಅಂದರೆ ಎಷ್ಟು? ಯಂತ್ರಕ್ಕೆ ಯಾವುದು ಸಲೀಸೋ ಅಷ್ಟು. ಪಿಡಿಪಿ-11ರಲ್ಲಿ 16. ಒಂದೇ ಯಂತ್ರ ಇದ್ದಾಗ ಇದು ಪ್ರಶ್ನೆಯೇ ಅಲ್ಲ. ಆದರೆ 1978ರಲ್ಲಿ ಕರ್ನಿಘನ್ ಮತ್ತು ರಿಚಿ ಬರೆದ ಪುಸ್ತಕ ಬರುವ ಹೊತ್ತಿಗೆ ಸಿ ಬೇರೆ ಊರುಗಳಿಗೂ ಹೋಗಿತ್ತು. ಆ ಪುಸ್ತಕದಲ್ಲಿ ಒಂದು ಚಿಕ್ಕ ಕೋಷ್ಟಕ ಇದೆ, ನಾಲ್ಕು ಯಂತ್ರಗಳದ್ದು. ಪಿಡಿಪಿ-11ರಲ್ಲಿ ಇಂಟ್ 16 ಬಿಟ್. ಐಬಿಎಂ 370 ಮತ್ತು ಇಂಟರ್‌ಡೇಟಾ 8/32ರಲ್ಲಿ 32. ಹನಿವೆಲ್ 6000ರಲ್ಲಿ 36, ಅದರಲ್ಲಿ ಒಂದು ಅಕ್ಷರಕ್ಕೇ 9 ಬಿಟ್! ಮಣದ ಕಥೆಯೇ ಆಯಿತಲ್ಲ ಇದು.

16 ಬಿಟ್‌ನ ಇಕ್ಕಟ್ಟು ಆಗಲೇ ಕಾಲಿಗೆ ತೊಡರುತ್ತಿತ್ತು. ಫೈಲಿನೊಳಗೆ ಇಂತಿಷ್ಟನೇ ಬೈಟಿಗೆ ಹೋಗು ಅಂತ ಹೇಳುವ ಒಂದು ಕರೆ ಯುನಿಕ್ಸ್‌ನಲ್ಲಿತ್ತು, ಹೆಸರು 'ಸೀಕ್'. ಅದಕ್ಕೆ ಕೊಡುವ ಸಂಖ್ಯೆ ಇಂಟ್. 65,536 ದಾಟಿದ ಮೇಲೆ ಬೈಟಿನ ಲೆಕ್ಕ ಹೇಳಲಾಗದು. ಅದಕ್ಕೊಂದು ಉಪಾಯ ಮಾಡಿದ್ದರು: ಬೇರೆ ಸೂಚನೆ ಕೊಟ್ಟರೆ ಅದೇ ಸಂಖ್ಯೆಯನ್ನು 512ರಿಂದ ಗುಣಿಸಿಕೊಳ್ಳುವುದು. ಆಮೇಲೆ ಭಾಷೆಗೆ 'ಲಾಂಗ್' ಬಂತು, 32 ಬಿಟ್. 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲಿ ಸೀಕ್ ಹೋಗಿ 'ಎಲ್‌ಸೀಕ್' ಬಂತು. ಆ ಎಲ್ ಅಂದರೆ ಲಾಂಗ್. ಇವತ್ತು ಆ ಕರೆ ಲಾಂಗ್ ಕೇಳುವುದೂ ಇಲ್ಲ, ಆದರೂ ಎಲ್ ಮಾತ್ರ ಹಾಗೇ ಉಳಿದಿದೆ. ಮನೆ ಮಾರಿ ನಲವತ್ತು ವರ್ಷ ಆದರೂ ಊರಿನವರು ಹಳೇ ಯಜಮಾನನ ಹೆಸರಲ್ಲೇ ಆ ಮನೆ ಗುರುತಿಸುತ್ತಾರಲ್ಲ, ಹಾಗೆ.

ಯುನಿಕ್ಸನ್ನು ಪಿಡಿಪಿ-11ರಿಂದ ಇಂಟರ್‌ಡೇಟಾಗೆ ಸಾಗಿಸಿದ್ದು ರಿಚಿ ಮತ್ತು ಸ್ಟೀವ್ ಜಾನ್ಸನ್. ಅಳತೆ ಬೇರೆಬೇರೆ ಇರುವ ಕಡೆ ನೇರವಾಗಿ ಇಂಟ್ ಅಂತಲೋ ಲಾಂಗ್ ಅಂತಲೋ ಬರೆದರೆ ಕಷ್ಟ ಅನ್ನೋದು ಈ ಸಾಗಾಟದಲ್ಲಿ ಸ್ಪಷ್ಟವಾಯಿತು. ಅದಕ್ಕೆ ಸಿಕ್ಕ ಮದ್ದು 'ಟೈಪ್‌ಡೆಫ್', ಇದ್ದ ಟೈಪಿಗೆ ಹೊಸ ಹೆಸರು ಇಡುವ ವ್ಯವಸ್ಥೆ. ಏಳನೆಯ ಆವೃತ್ತಿಯ 'ಸಿಸ್/ಟೈಪ್ಸ್.ಎಚ್' ಹೆಡರ್ ಫೈಲಿನಲ್ಲಿ ಒಂದು ಹಿಡಿಯಷ್ಟು ಹೆಸರುಗಳಿದ್ದವು: ಫೈಲಿನೊಳಗಿನ ದೂರಕ್ಕೆ 'ಆಫ್_ಟಿ', ಕಾಲಕ್ಕೆ 'ಟೈಮ್_ಟಿ', ಹೀಗೆ. ಎರಡೂ ಆಗ ಲಾಂಗ್. ಈ ಹೆಸರುಗಳು ಏನು ಕೆಲಸಕ್ಕೆ ಅಂತ ಹೇಳುತ್ತವೆ, ಎಷ್ಟು ದೊಡ್ಡದು ಅಂತ ಹೇಳುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

"ಎಷ್ಟು" ಅನ್ನೋದೇ ಮುಖ್ಯವಾದ ಜಾಗ ಬಂದದ್ದು ನೆಟ್‌ವರ್ಕಿನ ಜೊತೆ. 1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಇಂಟರ್‌ನೆಟ್ಟಿನ ಪ್ರೋಟೋಕಾಲ್‌ಗಳು ಇದ್ದವು. ಇಂಟರ್‌ನೆಟ್ ವಿಳಾಸ ಅಂದರೆ 32 ಬಿಟ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಂತಿಯ ಆ ತುದಿಯಲ್ಲಿ ಯಾವ ಯಂತ್ರ ಇದೆಯೋ ಯಾರಿಗೆ ಗೊತ್ತು? ಇಲ್ಲಿ "ಯಂತ್ರಕ್ಕೆ ಸಲೀಸಾದಷ್ಟು" ಅನ್ನೋ ಮಾತು ನಡೆಯುವುದಿಲ್ಲ, ಮಾಲು ಗಡಿ ದಾಟುತ್ತಿದೆ. ಆದರೆ ಭಾಷೆಯಲ್ಲಿ ನಿಖರ ಅಳತೆಯ ಹೆಸರೇ ಇಲ್ಲ. ಬರ್ಕ್ಲಿಯವರ ವ್ಯಾಕ್ಸ್ ಯಂತ್ರದಲ್ಲಿ ಲಾಂಗ್ 32 ಬಿಟ್ ಇತ್ತು. ಹಾಗಾಗಿ ವಿಳಾಸದ ಟೈಪನ್ನು 'ಯು_ಲಾಂಗ್', ಅಂದರೆ ಋಣ ಸಂಖ್ಯೆ ಇಲ್ಲದ ಲಾಂಗ್ ಅಂತ ಬರೆದರು. ವಿಳಾಸದ ಬೈಟುಗಳನ್ನು ತಂತಿಯ ಕ್ರಮಕ್ಕೆ ಜೋಡಿಸುವ ಫಂಕ್ಷನ್‌ಗೆ 'ಎಚ್‌ಟಿಒಎನ್‌ಎಲ್' ಅಂತ ಹೆಸರಿಟ್ಟರು. ಕೊನೆಯ ಎಲ್ ಮತ್ತೆ ಅದೇ ಲಾಂಗ್.

1989ರಲ್ಲಿ ಸಿ ಭಾಷೆಗೆ ಆನ್ಸಿ ಮಾನಕ ಬಂತು, 1990ರಲ್ಲಿ ಐಎಸ್‌ಒ ಅದನ್ನೇ ಒಪ್ಪಿತು. ಆಗಲಾದರೂ ಇಂಟ್ ಇಂತಿಷ್ಟು ಅಂತ ಹೇಳಿದರಾ? ಇಲ್ಲ. ಕನಿಷ್ಠ ಎಷ್ಟಿರಬೇಕು ಅಂತ ಮಾತ್ರ ಹೇಳಿದರು: ಚಾರ್ 8 ಬಿಟ್, ಶಾರ್ಟ್ ಮತ್ತು ಇಂಟ್ 16, ಲಾಂಗ್ 32. ಅದಕ್ಕಿಂತ ದೊಡ್ಡದಿದ್ದರೆ ನಿಮ್ಮ ಯಂತ್ರದ ಇಷ್ಟ.

ಇದನ್ನು ಅನೇಕರು ಹೇಡಿತನ ಅಂತ ಬೈಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ವರ್ಷ ಪ್ರಪಂಚದ ಮೇಜುಗಳ ಮೇಲೆ 16 ಬಿಟ್‌ನ ಡಾಸ್ ಪಿಸಿಗಳು ತುಂಬಿಕೊಂಡಿದ್ದವು. ಇಂಟ್ ಅಂದರೆ 32 ಅಂತ ಕಾನೂನು ಮಾಡಿದ್ದರೆ ಅವುಗಳಲ್ಲಿ ಒಂದೊಂದು ಕೂಡುವ ಲೆಕ್ಕಕ್ಕೂ ಎರಡೆರಡು ಹೆಜ್ಜೆ ಬೇಕಾಗುತ್ತಿತ್ತು. 36 ಬಿಟ್‌ನ ಯಂತ್ರಗಳಿಗಂತೂ ಸಿ ಭಾಷೆಯೇ ಹೊರೆಯಾಗುತ್ತಿತ್ತು. ಮುಂದೆ ಬಂದ ಜಾವಾ ಇಂಟ್ ಅಂದರೆ 32 ಅಂತ ಮೊದಲ ದಿನವೇ ಹೇಳಿತು ನಿಜ. ಆದರೆ ಅದು ತನ್ನದೇ ಕಾಲ್ಪನಿಕ ಯಂತ್ರವನ್ನು ಕಟ್ಟಿಕೊಂಡು ಬಂದ ಭಾಷೆ. ಸಿ ಹಾಗಲ್ಲ, ಇರುವ ಯಂತ್ರಗಳ ಜೊತೆಗೇ ಸಂಸಾರ ಮಾಡಬೇಕಿತ್ತು.

ಕಾನೂನು ಸುಮ್ಮನಿದ್ದರೆ ಜನ ಸುಮ್ಮನಿರುತ್ತಾರೆಯೇ? ಪ್ರತಿಯೊಬ್ಬರೂ ತಮ್ಮದೇ ತೂಕದ ಕಲ್ಲು ಮಾಡಿಕೊಂಡರು. ವಿಂಡೋಸ್‌ನಲ್ಲಿ 'ಡಿವರ್ಡ್'. ಲಿನಕ್ಸ್ ಕರ್ನೆಲ್ಲಿನ ಒಳಗೆ 'ಯು32'. ಜಿಲಿಬ್‌ನಲ್ಲಿ 'ಜಿಇಂಟ್32'. ಪಿಎನ್‌ಜಿ ಚಿತ್ರಗಳ ಲೈಬ್ರರಿಯಲ್ಲಿ 'ಪಿಎನ್‌ಜಿ_ಯುಇಂಟ್_32'. ಓಪನ್‌ಜಿಎಲ್‌ನಲ್ಲಿ 'ಜಿಎಲ್‌ಯುಇಂಟ್'. ನಾನು ಪುಣೆಯಲ್ಲಿ 2004ರ ಸುಮಾರಿಗೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಹಳೇ 32 ಬಿಟ್ ಪ್ರೋಗ್ರಾಮನ್ನು 64 ಬಿಟ್‌ಗೆ ಸಾಗಿಸುವ ಕೆಲಸ ನಡೆದಿತ್ತು. ಅದೊಂದರಲ್ಲೇ 32 ಬಿಟ್‌ನ ಸಂಖ್ಯೆಗೆ ಐದು ಹೆಸರು ಎಣಿಸಿದ್ದೆ. ಒಂದು ಲೈಬ್ರರಿ 'ಇಂಟ್32' ಅಂದರೆ ಇಂಟ್ ಅನ್ನುತ್ತಿತ್ತು, ಇನ್ನೊಂದು ಅದೇ ಹೆಸರಿಗೆ ಲಾಂಗ್ ಅನ್ನುತ್ತಿತ್ತು. 32 ಬಿಟ್ ಯಂತ್ರದಲ್ಲಿ ಎರಡೂ 32 ಬಿಟ್ಟೇ. ಆದರೆ ಕಂಪೈಲರ್ ಕಣ್ಣಿಗೆ ಇಂಟ್ ಬೇರೆ, ಲಾಂಗ್ ಬೇರೆ. ಎರಡೂ ಹೆಡರ್ ಒಟ್ಟಿಗೆ ಸೇರಿಸಿದ ಕೂಡಲೇ "ಟೈಪ್‌ಗಳು ಹೊಂದುತ್ತಿಲ್ಲ" ಅಂತ ರಂಪ. ತೂಕ ಒಂದೇ ಆದರೂ ಕಲ್ಲು ಬೇರೆ ಅಂತ ಜಗಳ!

ಇಷ್ಟು ದಿನ ಹೆಸರಿನ ಗಲಾಟೆ. ನಿಜವಾದ ಪೆಟ್ಟು ಬಿದ್ದದ್ದು 64 ಬಿಟ್ ಯಂತ್ರಗಳು ಬಂದಾಗ. 1992ರಲ್ಲಿ ಡೆಕ್ ಕಂಪನಿ ಆಲ್ಫಾ ಪ್ರೊಸೆಸರನ್ನು ಹೊರತಂದಿತು. ಅದರ ಯುನಿಕ್ಸ್‌ನಲ್ಲಿ ಇಂಟ್ 32 ಬಿಟ್, ಲಾಂಗ್ ಮತ್ತು ಪಾಯಿಂಟರ್ 64. ಇದಕ್ಕೆ ಎಲ್‌ಪಿ64 ಅಂತ ಹೆಸರು. ಈಗ ನೋಡಿ, ಇಂಟರ್‌ನೆಟ್ ವಿಳಾಸವನ್ನು ಯು_ಲಾಂಗ್ ಅಂತ ಬರೆದಿದ್ದರಲ್ಲ, ಅದು ಇಲ್ಲಿ 4 ಬೈಟ್ ಹೋಗಿ 8 ಬೈಟ್ ಆಗುತ್ತದೆ. ತಂತಿಯ ಮೇಲಿನ ಪ್ಯಾಕೆಟ್ಟಿನಲ್ಲಿ 4 ಬೈಟಿನ ಜಾಗ ಮಾತ್ರ ಇರುವುದು. ಹಾಗಾಗಿ ಹೆಡರ್ ಫೈಲುಗಳನ್ನೇ ತಿದ್ದಬೇಕಾಯಿತು. ಬಿಎಸ್‌ಡಿಯವರು ಅಷ್ಟರಲ್ಲಿ 'ಇಂಟ್32_ಟಿ', 'ಯು_ಇಂಟ್32_ಟಿ' ಅನ್ನೋ ಥರದ ಹೆಸರುಗಳನ್ನು ಬಳಕೆಗೆ ತಂದಿದ್ದರು. ಅಳತೆ ಹೆಸರಿನಲ್ಲೇ ಇದೆ, ಯಾರನ್ನೂ ಕೇಳಬೇಕಿಲ್ಲ. ಎಚ್‌ಟಿಒಎನ್‌ಎಲ್ ಈಗ 32 ಬಿಟ್‌ನ ನಿಖರ ಟೈಪನ್ನೇ ತೆಗೆದುಕೊಳ್ಳುತ್ತದೆ, ಆದರೆ ಹೆಸರಿನಲ್ಲಿ ಇನ್ನೂ ಲಾಂಗ್ ಅನ್ನುತ್ತಿದೆ.

ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು. 64 ಬಿಟ್ ವಿಂಡೋಸ್‌ನಲ್ಲೂ ಲಾಂಗ್ 32 ಬಿಟ್ಟೇ ಉಳಿಯಿತು, ಪಾಯಿಂಟರ್ ಮಾತ್ರ 64. ಯಾಕೆ ಗೊತ್ತೇ? ಅವರ ಡಿವರ್ಡ್ ಅಂದರೆ ಅನ್‌ಸೈನ್ಡ್ ಲಾಂಗ್. ಬಿಎಂಪಿ ಚಿತ್ರದ ಫೈಲಿನ ತಲೆಬರಹದಿಂದ ಹಿಡಿದು ಎಷ್ಟೋ ಕಡೆ ಲಾಂಗ್ ಮತ್ತು ಡಿವರ್ಡ್ ಇದ್ದವು. ಲಾಂಗ್ ದೊಡ್ಡದಾದರೆ ಡಿಸ್ಕಿನಲ್ಲಿ ಆಗಲೇ ಕೂತಿರುವ ಫೈಲುಗಳನ್ನು ಓದುವ ಪ್ರೋಗ್ರಾಂಗಳೇ ಕೆಡುತ್ತವೆ. ಒಟ್ಟಿನಲ್ಲಿ ಲಾಂಗ್ ಅನ್ನೋ ಪದಕ್ಕೆ ಲಿನಕ್ಸ್ ಊರಿನಲ್ಲೊಂದು ತೂಕ, ವಿಂಡೋಸ್ ಊರಿನಲ್ಲೊಂದು ತೂಕ. ಇವತ್ತಿಗೂ ಹಾಗೇ ಇದೆ.

ಕೊನೆಗೂ ಪಂಚಾಯಿತಿ ಕೂತಿತು. 1997ರ ಸಿಂಗಲ್ ಯುನಿಕ್ಸ್ ಸ್ಪೆಸಿಫಿಕೇಶನ್ನಿನ ಎರಡನೆಯ ಆವೃತ್ತಿಯಲ್ಲಿ 'ಇಂಟ್‌ಟೈಪ್ಸ್.ಎಚ್' ಅನ್ನೋ ಹೆಡರ್ ಸೇರಿತು. 1999ರಲ್ಲಿ ಐಎಸ್‌ಒದ ಹೊಸ ಮಾನಕ, ನಾವು ಸಿ99 ಅನ್ನೋದು, ಅದನ್ನು ಎರಡು ಮಾಡಿತು. ಬರೀ ಟೈಪ್‌ಗಳಿಗೆ 'ಎಸ್‌ಟಿಡಿಇಂಟ್.ಎಚ್'. ಅವುಗಳನ್ನು ಪ್ರಿಂಟ್ ಮಾಡುವ, ಓದುವ ಸಲಕರಣೆಗೆ ಇಂಟ್‌ಟೈಪ್ಸ್.ಎಚ್. ಆಪರೇಟಿಂಗ್ ಸಿಸ್ಟಂ ಇಲ್ಲದ ಪುಟ್ಟ ಚಿಪ್‌ಗಳಿಗೂ ಮೊದಲನೆಯದಾದರೂ ಸಿಗಲಿ ಅನ್ನೋದು ಈ ವಿಂಗಡಣೆಯ ಲಾಭ.

ಆ ಹೆಡರ್ ತೆರೆದು ನೋಡಿದರೆ ಮಾಯಾಮಂತ್ರ ಏನೂ ಇಲ್ಲ. 'ಟೈಪ್‌ಡೆಫ್ ಸೈನ್ಡ್ ಚಾರ್ ಇಂಟ್8_ಟಿ', 'ಟೈಪ್‌ಡೆಫ್ ಇಂಟ್ ಇಂಟ್32_ಟಿ', ಹೀಗೆ ಸಾಲುಸಾಲು. ಬರೀ ಚಾರ್ ಅನ್ನದೆ ಸೈನ್ಡ್ ಚಾರ್ ಅಂದದ್ದಕ್ಕೂ ಕಾರಣ ಇದೆ. ಬರೀ ಚಾರ್ ಋಣ ಸಂಖ್ಯೆ ಹಿಡಿಯುತ್ತದೋ ಇಲ್ಲವೋ ಅನ್ನೋದು ಯಂತ್ರಕ್ಕೊಂದು ಥರ. 64 ಬಿಟ್‌ನ ಸಾಲಿಗೆ ಬಂದಾಗ ಜಿಲಿಬ್‌ಸಿಯಲ್ಲಿ ಒಂದು 'ಇಫ್' ಕಾಣುತ್ತದೆ: ಯಂತ್ರ 64 ಬಿಟ್‌ನದ್ದಾದರೆ ಲಾಂಗ್, ಇಲ್ಲದಿದ್ದರೆ ಲಾಂಗ್ ಲಾಂಗ್. ಇಷ್ಟು ವರ್ಷ ಪ್ರತಿಯೊಬ್ಬ ಪ್ರೋಗ್ರಾಮರ್ ತನ್ನ ಮನೆಯಲ್ಲಿ ಬರೆದುಕೊಳ್ಳುತ್ತಿದ್ದ ಆ 'ಇಫ್' ಈಗ ಯಂತ್ರದ ಬಗ್ಗೆ ನಿಜವಾಗಿ ಗೊತ್ತಿರುವವರ ಕೈಯಲ್ಲಿ, ಒಂದೇ ಜಾಗದಲ್ಲಿ ಇದೆ. ನನ್ನ ಪ್ರಕಾರ ಇಡೀ ಸುಧಾರಣೆಯ ಸಾರ ಇಷ್ಟೇ.

ಪ್ರಿಂಟ್ ಮಾಡುವಾಗ ಮಾತ್ರ ಈ 'ಇಫ್' ಹೊರಗೆ ಇಣುಕುತ್ತದೆ. ಒಂದು ಕಡೆ ಲಾಂಗ್, ಇನ್ನೊಂದು ಕಡೆ ಲಾಂಗ್ ಲಾಂಗ್ ಆದ್ದರಿಂದ ಪ್ರಿಂಟ್‌ಎಫ್‌ಗೆ ಒಂದೇ ಗುರುತು ಕೊಡಲಾಗದು. ಅದಕ್ಕೇ 'ಪಿಆರ್‌ಐಡಿ64' ಅನ್ನೋ ಕಣ್ಣಿಗೆ ಚುಚ್ಚುವ ಮ್ಯಾಕ್ರೋ ಹುಟ್ಟಿದ್ದು.

ಸಿ99 ಮಾಡಿದ ಇನ್ನೊಂದು ಜಾಣತನ ಅಂದರೆ ಮೂರು ಬಗೆಯ ಹೆಸರು ಕೊಟ್ಟದ್ದು. ನಿಖರವಾಗಿ 32 ಬೇಕಾದರೆ ಇಂಟ್32_ಟಿ. ಕನಿಷ್ಠ 32 ಇದ್ದರೆ ಸಾಕು, ಜಾಗ ಉಳಿಸಿ ಅಂದರೆ 'ಇಂಟ್_ಲೀಸ್ಟ್32_ಟಿ'. ಕನಿಷ್ಠ 32, ಆದರೆ ವೇಗ ಮುಖ್ಯ ಅಂದರೆ 'ಇಂಟ್_ಫಾಸ್ಟ್32_ಟಿ'. ಕೊನೆಯ ಎರಡು ಎಲ್ಲ ಕಡೆ ಇರಲೇಬೇಕು. ನಿಖರವಾದದ್ದು ಮಾತ್ರ ಐಚ್ಛಿಕ, ಯಂತ್ರದಲ್ಲಿ ಅಂಥ ಅಳತೆ ಇದ್ದರೆ ಕೊಡಬೇಕು. 9 ಬಿಟ್ ಅಕ್ಷರದ ಹನಿವೆಲ್‌ನಂಥ ಯಂತ್ರ 8 ಬಿಟ್ ಎಲ್ಲಿಂದ ತರಬೇಕು ಪಾಪ! ಇದು ಬರೀ ಹಳೇ ಕಾಲದ ಮಾತಲ್ಲ. 1985ರಲ್ಲೇ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಸಿ28ಎಕ್ಸ್ ಚಿಪ್‌ಗಳಲ್ಲಿ ಚಾರ್ ಅಂದರೇ 16 ಬಿಟ್. ಅಲ್ಲಿ 8 ಬಿಟ್‌ನ ನಿಖರ ಟೈಪ್ ಇಲ್ಲ. ಇದಕ್ಕೆ ವಿರುದ್ಧವಾಗಿ 2001ರ ಪೋಸಿಕ್ಸ್ 8, 16, 32ರ ನಿಖರ ಟೈಪ್‌ಗಳನ್ನು ಕಡ್ಡಾಯ ಮಾಡಿತು. ಅದರ ಫಲವಾಗಿ ಪೋಸಿಕ್ಸ್ ಲೋಕದಲ್ಲಿ ಒಂದು ಬೈಟ್ ಅಂದರೆ 8 ಬಿಟ್ ಅನ್ನೋದು ನಿಯಮವಾಯಿತು.

ಫಾಸ್ಟ್ ಬಗೆ ಅಷ್ಟು ಚೆನ್ನಾಗಿ ಬೇರೂರಲಿಲ್ಲ. ಅದೇ 64 ಬಿಟ್ ಇಂಟೆಲ್ ಯಂತ್ರದಲ್ಲಿ ಇಂಟ್_ಫಾಸ್ಟ್16_ಟಿ ಅಂದರೆ ಜಿಲಿಬ್‌ಸಿ 64 ಬಿಟ್ ಕೊಡುತ್ತದೆ, ಮಸಲ್ ಅನ್ನೋ ಲೈಬ್ರರಿ 32 ಕೊಡುತ್ತದೆ. ಮತ್ತೆ ಮಣದ ಗೋಳು. ವಿಂಡೋಸ್‌ನ ವಿಷುವಲ್ ಸಿ++ಗೆ ಎಸ್‌ಟಿಡಿಇಂಟ್.ಎಚ್ ಸೇರಿದ್ದು 2010ರ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಎರಡೂ ಕಡೆ ಓಡಬೇಕಾದ ಪ್ರೋಗ್ರಾಂಗಳು ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಹೋಗಬೇಕಿತ್ತು. ಇನ್ನು ಬಿಎಸ್‌ಡಿಯ ಯು_ಇಂಟ್32_ಟಿ ಮತ್ತು ಸಿ99ರ ಯುಇಂಟ್32_ಟಿ ನಡುವೆ ಒಂದು ಅಡಿಗೆರೆಯಷ್ಟೇ ವ್ಯತ್ಯಾಸ. ಹಳೇ ಕೋಡ್ ಮುರಿಯಬಾರದು ಅಂತ ಲಿನಕ್ಸ್‌ನ ಹೆಡರ್‌ಗಳಲ್ಲಿ ಎರಡನ್ನೂ ಇಟ್ಟುಕೊಂಡಿದ್ದಾರೆ.

ಇಷ್ಟು ಓದಿ, "ಹಾಗಾದರೆ ಎಲ್ಲ ಕಡೆ ನಿಖರ ಅಳತೆಯನ್ನೇ ಬಳಸಿದರೆ ಆಯಿತಲ್ಲ" ಅಂತ ನೀವು ಅನ್ನಬಹುದು. ಇಲ್ಲೇ ತುಸು ನಿಲ್ಲಬೇಕು.

1979ರ ಟೈಮ್_ಟಿ ನೆನಪಿದೆಯಲ್ಲ? 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕ. ಅದು 32 ಬಿಟ್ ಆಗಿದ್ದರೆ, ಅರ್ಧ ಋಣ ಸಂಖ್ಯೆಗಳಿಗೆ ಹೋಗಿ, 214 ಕೋಟಿ ಚಿಲ್ಲರೆಗೆ ಮುಗಿಯುತ್ತದೆ. ಅದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಸೆಕೆಂಡಿಗೆ ಅಂಥ ಯಂತ್ರಗಳು 1901ರ ಡಿಸೆಂಬರಿಗೆ ಜಾರುತ್ತವೆ. 1998-99ರಲ್ಲಿ ವೈಟುಕೆ ಕೆಲಸಕ್ಕೆಂದೇ ನಮ್ಮ ಕಡೆಯ ಎಷ್ಟು ಹುಡುಗರು ಊರು ಬಿಟ್ಟು ಬಂದರು ಅಂತ ನಿಮಗೆ ಗೊತ್ತು. ಇದು ಅದರ ತಮ್ಮ.

ಈ ದೋಷವನ್ನು ತಿದ್ದುವ ಕೆಲಸ ಬಹಳ ಮಟ್ಟಿಗೆ ಆಗಿದೆ. ಹೇಗೆ ಸಾಧ್ಯವಾಯಿತು ಅಂದರೆ, ಟೈಮ್_ಟಿ ಅನ್ನೋ ಹೆಸರಿನಲ್ಲಿ ಅಳತೆ ಇಲ್ಲ! ಹೆಡರ್‌ನಲ್ಲಿ ಅರ್ಥ ಬದಲಿಸಿ ತಿರುಗಿ ಕಂಪೈಲ್ ಮಾಡಿದರೆ ಅದನ್ನೇ ನಂಬಿ ಬರೆದ ಪ್ರೋಗ್ರಾಂ ದೊಡ್ಡದಾಗುತ್ತದೆ. ನೆಟ್‌ಬಿಎಸ್‌ಡಿ 2012ರಲ್ಲಿ, ಓಪನ್‌ಬಿಎಸ್‌ಡಿ 2014ರಲ್ಲಿ ಎಲ್ಲ ಯಂತ್ರಗಳಿಗೂ 64 ಬಿಟ್‌ನ ಕಾಲ ಕೊಟ್ಟವು. 32 ಬಿಟ್ ಯಂತ್ರಗಳಿಗಾಗಿ ಲಿನಕ್ಸ್ ಕರ್ನೆಲ್ 2020ರಲ್ಲಿ, ಜಿಲಿಬ್‌ಸಿ 2021ರಲ್ಲಿ ದಾರಿ ಮಾಡಿಕೊಟ್ಟವು. ಆದರೆ ಯಾರೋ ಒಬ್ಬರು ಕಾಲವನ್ನು ಇಂಟ್32_ಟಿಯಲ್ಲಿ ಹಾಕಿ ಡಿಸ್ಕಿಗೆ ಬರೆದಿದ್ದರೆ, ಫೈಲಿನ ನಕ್ಷೆಯಲ್ಲಿ 4 ಬೈಟ್ ಅಂತ ಕೊರೆದಿದ್ದರೆ, ಅದಕ್ಕೆ ಯಾವ ಹೆಡರೂ ಸಹಾಯ ಮಾಡದು. ಅಂಥ ಕಡೆಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕು. 2038ಕ್ಕೆ ಮುಂಚೆ ಮಾಡಬೇಕಾದ ಕೆಲಸದಲ್ಲಿ ಹೆಚ್ಚು ಶ್ರಮದ್ದು ಇದೇ. ನಾವು ಬರೆದು ಬಿಟ್ಟುಬಂದ ಕೋಡ್ ಎಲ್ಲೆಲ್ಲಿ ಓಡುತ್ತಿದೆಯೋ!

ಅಂದರೆ ನಿಖರ ಅಳತೆ ಅನ್ನೋದು ಒಂದು ಕರಾರು. ಕರಾರು ಇಬ್ಬರ ನಡುವೆ ಬೇಕು: ಪ್ರೋಗ್ರಾಂ ಮತ್ತು ಫೈಲ್, ಈ ಯಂತ್ರ ಮತ್ತು ಆ ಯಂತ್ರ, ಕರ್ನೆಲ್ ಮತ್ತು ಅದರ ಹೊರಗಿನವರು. ಒಮ್ಮೆ ಸಹಿ ಹಾಕಿದ ಮೇಲೆ ಒಬ್ಬರೇ ಬದಲಿಸಲಾಗದು. ಮನೆಯೊಳಗಿನ ಲೆಕ್ಕಕ್ಕೆ, ಹತ್ತು ಸಲ ಸುತ್ತುವ ಲೂಪಿಗೆ, ಕರಾರು ಪತ್ರ ಯಾಕೆ? ಅಲ್ಲಿ ರಿಚಿಯವರ ಹಳೇ ಇಂಟ್ ಸಾಕು. ಈ ಎರಡನ್ನೂ ಬೇರೆ ಮಾಡಿ ನೋಡಲು ಸಿ ಲೋಕಕ್ಕೆ ಅಷ್ಟು ವರ್ಷ ಹಿಡಿಯಿತು. 2024ರಲ್ಲಿ ಪ್ರಕಟವಾದ ಸಿ23 ಮಾನಕ ಇನ್ನೂ ಮುಂದೆ ಹೋಗಿ, ನಿಮಗೆ ಬೇಕಾದಷ್ಟು ಬಿಟ್‌ನ ಪೂರ್ಣಾಂಕವನ್ನು, 17 ಬಿಟ್ ಬೇಕಿದ್ದರೆ 17 ಬಿಟ್‌ನದ್ದನ್ನೇ, ಕೇಳಿ ಪಡೆಯುವ ವ್ಯವಸ್ಥೆ ಮಾಡಿದೆ. ಕೇಳುವ ಮುಂಚೆ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಮಾತ್ರ ಹಳೆಯದೇ: ಈ ಸಂಖ್ಯೆ ಗಡಿ ದಾಟುತ್ತದೋ, ಮನೆಯಲ್ಲೇ ಇರುತ್ತದೋ?

ನಾಳೆ ಕೆಲಸಕ್ಕೆ ಹೋದಾಗ ಪುರುಸೊತ್ತು ಸಿಕ್ಕರೆ ನಿಮ್ಮ ಮೆಷಿನ್ನಿನ ಎಸ್‌ಟಿಡಿಇಂಟ್.ಎಚ್ ಒಮ್ಮೆ ತೆರೆದು ಓದಿ. ಪಕ್ಕದಲ್ಲೇ ನಿಮ್ಮ ಪ್ರಾಜೆಕ್ಟಿನ ಹಳೇ ಹೆಡರನ್ನೂ ಇಟ್ಟುಕೊಳ್ಳಿ. 32 ಬಿಟ್‌ಗೆ ಎಷ್ಟು ಹೆಸರು ಸಿಕ್ಕವು, ತಿಳಿಸಿ.